ಪೈಲಟ್ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಜಕ್ಕೂರಿಗೊಮ್ಮೆ ಹೋಗಿ ಬನ್ನಿ

ನಮ್ಮ ಮಂಗಳೂರಿನವರಿಗೆ ಏರ್‌ಪೋರ್ಟ್ ಅಂದ್ರೆ ಬಜ್ಪೆ. ದುಬೈಗೆ ಹೊರಟವರನ್ನು ಬಿಡಲು ಹೋಗುತ್ತೇವೆ, ಗಾಜಿನ ಹೊರಗೆ ನಿಂತು ಕೈ ಬೀಸುತ್ತೇವೆ, ವಾಪಸ್ ಬರುತ್ತೇವೆ. ಹಾಗಾಗಿ ಮನೆಯಲ್ಲಿ ಯಾರಾದರೂ "ನಾನು ಪೈಲಟ್ ಆಗ್ತೇನೆ" ಅಂದ ಕೂಡಲೇ ಕಣ್ಣಿಗೆ ಬರುವುದು ಆ ದೊಡ್ಡ ವಿಮಾನ, ಬಿಳಿ ಅಂಗಿ, ಭುಜದ ಮೇಲಿನ ಚಿನ್ನದ ಪಟ್ಟಿ. ಆದರೆ ಕಲಿಕೆಯೆಲ್ಲ ಎರಡು ಅಥವಾ ನಾಲ್ಕು ಸೀಟಿನ, ಮೂತಿಯಲ್ಲಿ ಒಂದೇ ಪ್ರೊಪೆಲ್ಲರ್ ಇರುವ ಪುಟ್ಟ ವಿಮಾನದಲ್ಲಿ, ಹೆಚ್ಚಾಗಿ ಊರಂಚಿನ ಸಣ್ಣ ಏರ್‌ಫೀಲ್ಡುಗಳಲ್ಲಿ ನಡೆಯುತ್ತದೆ. ಅಂಥದ್ದನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದಾರೆ?

ನನ್ನ ಅಕ್ಕನ ಮಗ ಪಿಯುಸಿ ಮುಗಿಸಿ ಇದೇ ಹಟ ಹಿಡಿದಾಗ ಭಾವ ಒಂದು ಕನ್ಸಲ್ಟೆನ್ಸಿಗೆ ಅಡ್ವಾನ್ಸ್ ಕಟ್ಟಲು ಹೊರಟಿದ್ದರು. "ನಾಳೆಯೊಳಗೆ ಸೀಟ್ ಬುಕ್ ಮಾಡಿ ಸರ್" ಅಂತ ದಿನಕ್ಕೆ ಮೂರು ಸಲ ಫೋನ್. ಭಾವ, ಐದು ಸೆಂಟ್ಸ್ ಜಾಗ ತಗೊಳ್ಳುವಾಗ ನಾಲ್ಕು ಸಲ ಹೋಗಿ ನೋಡ್ತೀರಲ್ಲ, ಇದು ಅರ್ಧ ಕೋಟಿಯ ಹತ್ತಿರದ ಮಾತು, ಒಂದು ಸಲವಾದರೂ ನೋಡಿ ಬರುವ ಅಂದೆ. ಮೂವರೂ ಬೆಂಗಳೂರಿನ ಜಕ್ಕೂರಿಗೆ ಹೋದೆವು. ಹೇಗೆ ಹೋಗಬೇಕು, ಅಲ್ಲಿ ಏನು ನೋಡಬೇಕು ಅಂತ ಈಗ ನಿಮಗೆ ಹೇಳುತ್ತೇನೆ.

ಊರು ಬಿಡುವ ಮೊದಲೇ ಒಂದು ಕೆಲಸ ಇದೆ. ಇಲ್ಲೇ ಯಾವುದಾದರೂ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಣ್ಣದ ಚುಕ್ಕಿಗಳೊಳಗಿನ ಅಂಕಿ ಓದುವ ಪರೀಕ್ಷೆ ಮಾಡಿಸಿ. ಕನ್ನಡಕ ಇದ್ದರೆ ಹೆದರಬೇಡಿ, ಹಾಕಿಕೊಂಡಾಗ ದೃಷ್ಟಿ 6/6 ಬಂದರೆ ಸಾಮಾನ್ಯವಾಗಿ ನಡೆಯುತ್ತದೆ. ಬಣ್ಣ ಸರಿಯಾಗಿ ಗುರುತಿಸಲು ಆಗದಿದ್ದರೆ ಮಾತ್ರ ದೊಡ್ಡ ತೊಡಕು. ಹತ್ತು ನಿಮಿಷದ ಈ ಪರೀಕ್ಷೆಯನ್ನು ಫೀಸ್ ಕಟ್ಟಿದ ಮೇಲೆ ಮಾಡಿಸಿದರೆ ಏನು ಪ್ರಯೋಜನ ಅಲ್ವಾ?

ಬೆಂಗಳೂರಿನ ಉತ್ತರಕ್ಕೆ, ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಹೋಗುವಾಗ ಜಕ್ಕೂರು ಏರೋಡ್ರೋಮ್ ಸಿಗುತ್ತದೆ. ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆ ಅಲ್ಲೇ ಇದೆ, 1940ರ ದಶಕದ ಕೊನೆಯ ಕಾಲದ್ದು. ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಅವರ ಹೆಲಿಕಾಪ್ಟರ್ ಕಂಪನಿ ಶುರುವಾದದ್ದೂ ಈ ಜಾಗದಿಂದಲೇ. ಒಂದು ಕಾಲಕ್ಕೆ ಸುತ್ತ ಹೊಲ ಇತ್ತಂತೆ, ಈಗ ನೋಡಿದರೆ ಫ್ಲೈಓವರ್, ಅಪಾರ್ಟ್‌ಮೆಂಟು. ರನ್‌ವೇ ಒಂದು ಕಿಲೋಮೀಟರಿಗೂ ಕಡಿಮೆ. ನಮ್ಮ ಬಜ್ಪೆಯ ದೊಡ್ಡ ರನ್‌ವೇ 2,450 ಮೀಟರ್ ಇದೆ, ಅಂದಾಜು ಮಾಡಿಕೊಳ್ಳಿ.

ರಾತ್ರಿ ಬಸ್ಸೇ ಒಳ್ಳೆಯದು, ಬೆಳಗಾಗುವಾಗ ಬೆಂಗಳೂರು ತಲುಪುತ್ತದೆ. ಮಳೆಗಾಲದಲ್ಲಿ ಹೋಗಬೇಡಿ. ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸೂ ಇಲ್ಲ, ಮೋಡ ಕೆಳಗಿಳಿದರೆ ಸಣ್ಣ ವಿಮಾನವೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಬೆಳಗಿನ ಮಂಜು ಕಾಟ ಕೊಡುತ್ತದೆ. ಫೆಬ್ರವರಿ ಚೆನ್ನಾಗಿದೆ, ಆದರೆ ಬೆಸ ಸಂಖ್ಯೆಯ ವರ್ಷದಲ್ಲಿ ಪಕ್ಕದ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುತ್ತದೆ, ಆ ದಿನಗಳನ್ನು ಬಿಟ್ಟುಬಿಡಿ.

ಸುಮ್ನೆ ಗೇಟಿಗೆ ಹೋಗಿ ನಿಂತರೆ ಒಳಗೆ ಬಿಡುವುದಿಲ್ಲ. ವಾರ ಮೊದಲೇ ಸ್ಕೂಲಿಗೆ ಫೋನ್ ಮಾಡಿ, ಮಗು ಸೇರುವ ಯೋಚನೆಯಲ್ಲಿದೆ, ನೋಡಬೇಕು ಅಂತ ಹೇಳಿ. ಸಣ್ಣ ವಿಮಾನದಲ್ಲೋ, ಅದಕ್ಕಿಂತ ಹಗುರವಾದ ಮೈಕ್ರೋಲೈಟಿನಲ್ಲೋ ಒಂದು ಸುತ್ತು ಕರೆದುಕೊಂಡು ಹೋಗುವವರು ಆಗ ಯಾರಿದ್ದಾರೆ ಅಂತಲೂ ಅಲ್ಲೇ ಕೇಳಿ. ಆಧಾರ್ ಕೈಯಲ್ಲಿರಲಿ. ಕೇಳದೆ ಒಂದೂ ಫೋಟೋ ತೆಗೆಯಬೇಡಿ, ವಾಯುಪಡೆಯ ನೆಲೆ ಬೇರೆ ಪಕ್ಕದಲ್ಲೇ ಇದೆ.

ಒಳಗೆ ಹೋದ ಮೇಲೆ ಮೊದಲು ಗಾಳಿಚೀಲ ಹುಡುಕಿ. ಕಂಬದ ತುದಿಯಲ್ಲಿ ಬಟ್ಟೆಯ ಉದ್ದ ಕೊಳವೆ, ವಿಂಡ್‌ಸಾಕ್ ಅಂತಾರೆ. ಅದರ ಬಾಲ ಎತ್ತ ಇದೆಯೋ ಗಾಳಿ ಅತ್ತ ಹೋಗುತ್ತಿದೆ. ವಿಮಾನ ಏರುವುದೂ ಇಳಿಯುವುದೂ ಸಾಧ್ಯವಾದಷ್ಟು ಗಾಳಿಗೆ ಮುಖ ಕೊಟ್ಟು. ಮಧ್ಯಾಹ್ನ ನಮ್ಮಲ್ಲಿ ಪಡುಗಾಳಿ ಎದ್ದಾಗ ವಿಮಾನಗಳು ಮೂಡುಬಿದಿರೆ ಕಡೆಯಿಂದ ಬಂದು ಬಜ್ಪೆಯಲ್ಲಿ ಇಳಿಯುವುದು ನೋಡಿರುತ್ತೀರಿ, ಕಾರಣ ಇದೇ. ಆಗ ಬಳಸುವುದು ರನ್‌ವೇಯ 24 ಅಂತ ಬರೆದ ತುದಿ, ಅಂದರೆ ದಿಕ್ಸೂಚಿಯಲ್ಲಿ ಸುಮಾರು 240 ಡಿಗ್ರಿ. ಜಕ್ಕೂರಿನಲ್ಲಿ 08 ಮತ್ತು 26. ಕೊನೆಯ ಸೊನ್ನೆ ತೆಗೆದು ಬರೆಯುತ್ತಾರೆ, ಅಷ್ಟೇ ಲೆಕ್ಕ. ಇಷ್ಟು ತಿಳಿದುಕೊಂಡು ನಮ್ಮ ಹುಡುಗ ಮುಂದಿನ ವಿಮಾನ ಎತ್ತಲಿಂದ ಬರುತ್ತದೆ ಅಂತ ಹೇಳಿದ, ಸರಿಯಾಯಿತು, ಭಾವನ ಮುಖ ಅರಳಿದ್ದು ಆಗಲೇ.

ಇನ್ನು ಮುಖ್ಯ ವಿಷಯ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಒಂದು ಕಡೆ ಕೂತು ಎಣಿಸಿ. ಹ್ಯಾಂಗರಿನಲ್ಲಿ, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿನಲ್ಲಿ, ವಿಮಾನ ಎಷ್ಟು, ಅದರಲ್ಲಿ ಇಂಜಿನ್ ಬಿಚ್ಚಿಟ್ಟದ್ದು ಎಷ್ಟು, ನಿಜವಾಗಿ ಮೇಲೆ ಹೋದದ್ದು ಎಷ್ಟು. ಬೆಳಿಗ್ಗೆಯೇ ಯಾಕೆ ಅಂದ್ರೆ, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಬಿಸಿಲೇರಿದಂತೆ ಇನ್ನೂ ತೆಳುವಾಗಿ ವಿಮಾನ ಏರಲು ಜಾಸ್ತಿ ಓಡಬೇಕು, ಮೇಲೆ ಹೋದರೂ ಬಿಸಿಗಾಳಿಯ ಕುಲುಕಾಟ. ತಂಪು ಹೊತ್ತಿನಲ್ಲೂ ವಿಮಾನಗಳು ನಿಂತೇ ಇದ್ದರೆ ಏನೋ ಸಮಸ್ಯೆ ಇದೆ ಅಂತ ಅರ್ಥ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ತಿಂಗಳಿಗೆ 20 ಗಂಟೆ ಸಿಕ್ಕರೆ ಹತ್ತು ತಿಂಗಳು. ಎಂಟೇ ಗಂಟೆ ಸಿಕ್ಕರೆ ಎರಡು ವರ್ಷ ದಾಟುತ್ತದೆ, ಅಷ್ಟೂ ದಿನ ಹಾಸ್ಟೆಲ್ ಬಾಡಿಗೆ, ಊಟ ನಿಮ್ಮದೇ. ನಾವು ಆಮೇಲೆ ಬೇರೆ ಊರಿನ ಒಂದು ಸ್ಕೂಲನ್ನೂ ನೋಡಿದೆವು, ಹೆಸರು ಬೇಡ. ಬ್ರೋಷರಿನಲ್ಲಿ ಒಂಬತ್ತು ವಿಮಾನ, ನೆಲದ ಮೇಲೆ ಕಂಡದ್ದು ನಾಲ್ಕು, ಮೂರು ಗಂಟೆಯಲ್ಲಿ ಹಾರಿದ್ದು ಒಂದು!

ಆಫೀಸಿನಲ್ಲಿ ಕೇಳುವುದಕ್ಕಿಂತ ಚಹಾ ಕುಡಿಯುವಲ್ಲಿ ಹುಡುಗರನ್ನು ಕೇಳಿ. "ಹೋದ ತಿಂಗಳು ಎಷ್ಟು ಗಂಟೆ ಆಯ್ತು?" ಅಂದರೆ ಸಾಕು, ಉಳಿದದ್ದು ಅವರೇ ಹೇಳುತ್ತಾರೆ. ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ, ವಿಮಾನ ರಿಪೇರಿಗೆ ಹೋದರೆ ಎಷ್ಟು ದಿನ, ಹಾರದೆ ಉಳಿದ ಗಂಟೆಗಳ ದುಡ್ಡು ವಾಪಸ್ ಬರುತ್ತದಾ, ಇವೂ ಕೇಳಬೇಕಾದವು.

ಹಾರುವ ಅವಕಾಶ ಸಿಕ್ಕರೆ ಬಿಡಬೇಡಿ. ತೂಕ ಕೇಳುತ್ತಾರೆ, ನಿಜ ಹೇಳಿ, ಎರಡು ಸೀಟಿನ ವಿಮಾನಕ್ಕೆ ಐದು ಕಿಲೋ ಕೂಡ ಲೆಕ್ಕಕ್ಕೆ ಬರುತ್ತದೆ. ಹೊಟ್ಟೆ ಖಾಲಿ ಬೇಡ, ಗೋಳಿಬಜೆ ತುಂಬಿಸಿಕೊಂಡೂ ಹೋಗಬೇಡಿ, ಎರಡು ಇಡ್ಲಿ ಸಾಕು. ಪ್ರೊಪೆಲ್ಲರ್ ನಿಂತಿದ್ದರೂ ಅದರ ಹತ್ತಿರ ಹೋಗಬಾರದು. ಹೊರಡುವ ಮೊದಲು ಪೈಲಟ್ ವಿಮಾನದ ಸುತ್ತ ನಡೆದು ಒಂದೊಂದೇ ಮುಟ್ಟಿ ನೋಡುತ್ತಾರೆ, ರೆಕ್ಕೆಯ ಅಡಿಯಿಂದ ಸ್ವಲ್ಪ ಇಂಧನ ಸಣ್ಣ ಗಾಜಿಗೆ ಹಿಡಿದು ಬೆಳಕಿಗೆ ಎತ್ತುತ್ತಾರೆ. ಸೆಸ್ನಾದಂಥ ಸಣ್ಣ ವಿಮಾನಕ್ಕೆ ಹಾಕುವ ಪೆಟ್ರೋಲ್, ಆವ್‌ಗ್ಯಾಸ್, ತೆಳು ನೀಲಿ ಬಣ್ಣದ್ದು, ನೀರು ಸೇರಿದ್ದರೆ ಅಡಿಯಲ್ಲಿ ಬೇರೆಯೇ ನಿಲ್ಲುತ್ತದೆ. ನೀವೂ ಜತೆಗೆ ನಡೆಯಿರಿ, ಕೇಳಿದರೆ ಖುಷಿಯಲ್ಲಿ ಹೇಳಿಕೊಡುತ್ತಾರೆ. ಮೇಲೆ ಹೋದಾಗ ಹೊಟ್ಟೆ ತೊಳಸಿದರೆ ದೂರದ ದಿಗಂತ ನೋಡಿ, ಮೊಬೈಲ್ ನೋಡಬೇಡಿ. ಹೆಡ್‌ಸೆಟ್ ಇದ್ದರೂ ಸದ್ದು ಜಾಸ್ತಿ. ಈ ಸದ್ದು, ಕುಲುಕು, ಬೆವರು ಇಷ್ಟ ಆಗುತ್ತದಾ ಅಂತ ಮಗುವಿಗೇ ಗೊತ್ತಾಗಬೇಕು.

ಇಷ್ಟವಾಯಿತು ಅಂದರೆ ಮುಂದಿನದು ಕ್ಲಾಸ್ 2 ಮೆಡಿಕಲ್ ಅನ್ನುವ ಆರೋಗ್ಯ ಪರೀಕ್ಷೆ, ಅದೂ ಡಿಜಿಸಿಎ (ಕೇಂದ್ರ ಸರ್ಕಾರದ ವಿಮಾನಯಾನ ನಿಯಂತ್ರಣ ಸಂಸ್ಥೆ) ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರವೇ. ಸ್ಟೂಡೆಂಟ್ ಲೈಸೆನ್ಸಿಗೆ 16 ವರ್ಷ ಆಗಿರಬೇಕು, ಕಮರ್ಷಿಯಲ್‌ಗೆ 18. ನ್ಯಾವಿಗೇಶನ್, ಹವಾಮಾನ, ರೆಗ್ಯುಲೇಶನ್ ಪರೀಕ್ಷೆಗಳಿಗೆ ಸ್ಕೂಲ್ ಸೇರುವ ಮೊದಲೇ ಮನೆಯಲ್ಲಿ ಓದಬಹುದು, ಪಾಸಾಗಲು ಶೇಕಡಾ 70 ಅಂಕ ಬೇಕು. ಓದು ಮುಗಿಸಿ ಹೋದರೆ ಬೆಳಗಿನ ಹೊತ್ತು ಪೂರ್ತಿ ಹಾರಲು ಸಿಗುತ್ತದೆ. ನಮ್ಮ ಹುಡುಗ ಈಗ ಹವಾಮಾನದ ಪುಸ್ತಕ ಹಿಡಿದು ಕೂತಿದ್ದಾನೆ, ಅಂಗಳದಲ್ಲಿ ಬಟ್ಟೆ ಒಣಗಿಸುವ ಕಂಬಕ್ಕೆ ಅಕ್ಕನ ಹಳೇ ಚೂಡಿದಾರದ ಕಾಲೊಂದನ್ನು ಕಟ್ಟಿದ್ದಾನೆ. ಕನ್ಸಲ್ಟೆನ್ಸಿಯವರ ಫೋನ್ ಇನ್ನೂ ಬರುತ್ತದೆ, ಭಾವ ಎತ್ತುವುದಿಲ್ಲ.