ದೋಣಿ ಲಿಫ್ಟಿಗೆ ಬಂಕ್ ಕೂರಿಸಿದ್ದು: ನನ್ನ ಅನುಭವ

ನನ್ನದು ಸುರಪುರದಲ್ಲಿ ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರಾಲಿ ಇವೇ ದಿನದ ಕೆಲಸ. ಕೃಷ್ಣಾ ನದಿಯ ನಾರಾಯಣಪುರದ ಬಸವಸಾಗರ ಜಲಾಶಯದಲ್ಲಿ ಮೀನು ಹಿಡಿಯುವ ಕಾಕಾ ಒಬ್ಬರು ತಮ್ಮ ಫೈಬರ್ ದೋಣಿಯನ್ನು ನೀರಿಂದ ಮೇಲೆತ್ತಿ ನಿಲ್ಲಿಸಲು ಲಿಫ್ಟ್ ಬೇಕೆಂದರು. ನಾಲ್ಕು ಕಂಬ, ಎರಡು ಅಡ್ಡ ಗರ್ಡರ್, ವೈರ್ ರೋಪ್, ಕೈಯಲ್ಲಿ ತಿರುಗಿಸುವ ವಿಂಚು. ಇಷ್ಟು ನಮಗೆ ರೂಢಿಯ ಕೆಲಸವೇ. ತಲೆ ತಿಂದದ್ದು ಗರ್ಡರ್ ಮೇಲೆ ಉದ್ದಕ್ಕೆ ಬರುವ ಎರಡು ಕಟ್ಟಿಗೆ. ದೋಣಿಯ ಭಾರವೆಲ್ಲ ಅವುಗಳ ಮೇಲೆ. ಅವನ್ನೇ ಬಂಕ್ ಅನ್ನುತ್ತಾರೆ.

"ಮೇಸ್ತ್ರಿ, ಎರಡು ಪೈಪ್ ಹಚ್ಚಿ ಮ್ಯಾಲ ರಬ್ಬರ್ ಸುತ್ತಿಬಿಡ್ರಿ, ಮುಗೀತು," ಅಂದರು ಕಾಕಾ. ನಾನು ಒಪ್ಪಲಿಲ್ಲ. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 492.25 ಮೀಟರ್. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ದೋಣಿ ವಾರಗಟ್ಟಲೆ ಲಿಫ್ಟ್ ಮೇಲೇ ಇರುತ್ತದೆ. ನೀರಲ್ಲಿದ್ದಾಗ ತಳಕ್ಕೆಲ್ಲ ನೀರೇ ಆಸರೆ. ಮೇಲೆ ಎತ್ತಿದರೆ ಎರಡೇ ಪಟ್ಟಿ ಮೇಲೆ ಅಷ್ಟೂ ಭಾರ. ಅದರ ಮೇಲೆ ನಮ್ಮ ಯಾದಗಿರಿ ಬಿಸಿಲು. ಬಿಸಿಯಾದ ಫೈಬರ್ ಒಂದೇ ಕಡೆ ಒತ್ತಡ ಬಿದ್ದರೆ ನಿಧಾನಕ್ಕೆ ಒಳಗೆ ಕೂತುಬಿಡುತ್ತದೆ. ಒಮ್ಮೆ ಕೂತರೆ ಮತ್ತೆ ಮೇಲೇಳುವುದಿಲ್ಲ.

ಹಾಗಾಗಿ ಮೊದಲು ದೋಣಿಯ ಗಟ್ಟಿ ಜಾಗ ಹುಡುಕಿದೆ. ಫೈಬರ್ ದೋಣಿಯ ನೆಲದ ಕೆಳಗೆ ಉದ್ದಕ್ಕೆ ಪಟ್ಟಿಗಳಿರುತ್ತವೆ, ಮನೆಯ ತೊಲೆ ಇದ್ದಹಾಗೆ. ಹೊರಗಿಂದ ಅವು ಕಾಣುವುದಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನು ಅಡ್ಡಕ್ಕೆ ತಟ್ಟುತ್ತಾ ಹೋದೆ. ಡೊಬ್ ಡೊಬ್ ಅಂದರೆ ಟೊಳ್ಳು. ಟಕ್ ಅಂತ ಗಟ್ಟಿ ಸದ್ದು ಬಂದಲ್ಲಿ ಸೀಮೆಸುಣ್ಣದ ಗೆರೆ. ಒಳಗೆ ನೆಲದ ಸ್ಕ್ರೂಗಳ ಸಾಲು ನೋಡಿದೆ, ಎರಡೂ ತಾಳೆಯಾದವು. ಬಂಕ್ ಆ ಗೆರೆಯ ಕೆಳಗೇ ಬರಬೇಕು. ಗರ್ಡರಿನಲ್ಲಿ ತೂತು ಎಲ್ಲಿ ಅನುಕೂಲವೋ ಅಲ್ಲಲ್ಲ.

ಇನ್ನು ಹಿಂಭಾಗ. ಎಂಜಿನ್ ತೂಗುವುದು ಹಿಂದಿನ ಹಲಗೆಗೆ. ಪೆಟ್ರೋಲ್ ಟ್ಯಾಂಕು, ಬ್ಯಾಟರಿ ಎಲ್ಲ ಅಲ್ಲೇ. ಬಂಕ್ ಆ ಹಲಗೆಯ ಕೆಳಗಿನವರೆಗೂ ಮುಟ್ಟಲೇಬೇಕು. ಒಂದು ಅಡಿ ಮುಂಚೆಯೇ ನಿಂತರೆ ಹಿಂಭಾಗ ಜೋತು ಬಿದ್ದು ತಳ ಬಾಗುತ್ತದೆ. ಆಮೇಲೆ ದೋಣಿ ಓಡುವಾಗ ಮೂತಿ ಕೆಳಗೆ ಒತ್ತುತ್ತದೆ, ವೇಗ ಹತ್ತುವುದಿಲ್ಲ. ಮುಂದೆ ಮಾತ್ರ ತಳ ಮೇಲಕ್ಕೆ ಏಳುವಲ್ಲಿಗೆ ನಿಲ್ಲಿಸಿದರೆ ಸಾಕು.

ಭಾರದ ನಡು ಎಲ್ಲಿದೆ ಅಂತಲೂ ನೋಡಬೇಕಲ್ವಾ? ಎಂಜಿನ್, ಟ್ಯಾಂಕ್ ಸಮೇತ ದೋಣಿಯ ಕೆಳಗೆ ದಪ್ಪ ಪೈಪ್ ಇಟ್ಟು, ಎರಡೂ ಬದಿ ಜನ ಹಿಡಿದುಕೊಂಡು ತಕ್ಕಡಿ ಆಡಿಸಿದೆವು. ಸಮತೂಕ ಸಿಕ್ಕಿದ್ದು ನಡುವಿಗಿಂತ ಸಾಕಷ್ಟು ಹಿಂದೆ. ಆ ಗುರುತಿನಿಂದ ಎರಡೂ ಗರ್ಡರ್ ಸಮ ದೂರದಲ್ಲಿ ಬಂದವು. ಈಗ ಹಿಂದಿನ ರೋಪಿಗೆ ಜಾಸ್ತಿ, ಮುಂದಿನದಕ್ಕೆ ಕಡಿಮೆ ಅನ್ನೋದಿಲ್ಲ.

ಬಂಕಿಗೆ ಲಾರಿಯ ಬಾಡಿ ಕಟ್ಟಲು ಬಳಸುವ ಸಾಲ್ ಮರ ತಂದೆ. ಭಾರ ಹೊರುವ ತುಂಡನ್ನು ನಿಲ್ಲಿಸಿ ಹಾಕಿದೆ, ಅದರ ಮೇಲೆ ಅಗಲ ಹಲಗೆ ಮಲಗಿಸಿದೆ. ನಿಲ್ಲಿಸಿದ್ದು ಬಾಗುವುದಿಲ್ಲ, ಮಲಗಿಸಿದ್ದು ಭಾರ ಹರಡುತ್ತದೆ. ಬೋಲ್ಟಿನ ತಲೆಗಳು ಹಲಗೆಯೊಳಗೆ ಅರ್ಧ ಇಂಚು ಮುಳುಗಿವೆ. ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯ ಹಳೇ ಕನ್ವೇಯರ್ ಬೆಲ್ಟ್ ಗುಜರಿಯಲ್ಲಿ ಸಸ್ತಾ ಸಿಗುತ್ತದೆ, ಹಲಗೆಗೆ ಸುತ್ತಲು ಕಾಕಾಗೆ ಅದರ ಮೇಲೇ ಕಣ್ಣು. ಆದರೆ ಕಪ್ಪು ರಬ್ಬರ್ ಬಿಳಿ ದೋಣಿಗೆ ಕಲೆ ಬಿಡುತ್ತದೆ, ದೋಣಿಯನ್ನು ಜಾರಲೂ ಬಿಡುವುದಿಲ್ಲ. ಅದಕ್ಕೆ ಪ್ಲಾಸ್ಟಿಕ್ ನೂಲಿನ ಕಾರ್ಪೆಟ್ ಸುತ್ತಿ, ಸ್ಟೇನ್‌ಲೆಸ್ ಪಿನ್ನುಗಳನ್ನು ಕೆಳಗಿನ ಮಗ್ಗುಲಿಗೆ ಹೊಡೆದೆ. ನಾರಿನ ಕಾರ್ಪೆಟ್ ಬೇಡ, ನೀರು ಹಿಡಿದು ಕೊಳೆಯುತ್ತದೆ.

ಬಂಕ್ ಹಿಡಿಯುವ ಬ್ರಾಕೆಟ್ಟುಗಳನ್ನು ಒಂದೊಂದೇ ಬೋಲ್ಟಿನ ಮೇಲೆ ಸಡಿಲ ಬಿಟ್ಟೆ. ದೋಣಿ ಇಳಿದು ಕೂತಾಗ ಹಲಗೆ ತಳದ ಇಳಿಜಾರಿಗೆ ತಾನೇ ತಿರುಗಿತು. ಆಮೇಲೆ ಬಿಗಿದೆ. ತಳದ ನಡುವೆ ಉದ್ದಕ್ಕೆ ಚಾಚಿದ ಅಂಚು, ಅಂದರೆ ಏಣು, ಮತ್ತು ಗರ್ಡರ್ ನಡುವೆ ಎರಡು ಇಂಚು ಸಂದು ಉಳಿಯಿತು. ಏಣು ಕಬ್ಬಿಣಕ್ಕೆ ತಾಗಲೇಬಾರದು. ಆಮೇಲೆ ಹಳೇ ಪೇಪರಿನ ಪಟ್ಟಿ ತಗೊಂಡು ಬಂಕ್ ಉದ್ದಕ್ಕೂ ತೂರಿಸಿದೆ. ಒಂದು ಕಡೆ ಸಲೀಸಾಗಿ ಒಳಗೆ ಹೋಯಿತು. ಅಲ್ಲಿ ದೋಣಿ ಕೂತೇ ಇಲ್ಲ! ಬ್ರಾಕೆಟ್ ಸಡಿಲಿಸಿ, ತೆಳು ಪಟ್ಟಿ ಕೊಟ್ಟು ಎತ್ತರಿಸಿದೆ. ನಾಲ್ಕು ಮೂಲೆಯ ಮಟ್ಟವನ್ನು ಲೆವೆಲ್ ಪೈಪಿನಲ್ಲಿ ನೋಡಿದೆ. ಒಂದು ಮೂಲೆ ಕೆಳಗಿದ್ದರೆ ದೋಣಿ ತಿರುಚಿಕೊಳ್ಳುತ್ತದೆ, ಒಳಗಿನ ಡಬ್ಬಿಗಳ ಮುಚ್ಚಳ ಹಾಕಲು ಬರುವುದಿಲ್ಲ. ಅದೇ ಸುಲಭದ ಗುರುತು.

ಮೂತಿಯನ್ನು ಮಾತ್ರ ಬೇಕಂತಲೇ ತುಸು ಮೇಲಿಟ್ಟೆ. ಹಿಂಭಾಗದ ನೀರು ಹೋಗುವ ತೂತಿನ ಬಿರಡೆ ತೆಗೆದಿಟ್ಟರೆ ಮಳೆನೀರು ತಾನೇ ಹರಿದುಹೋಗುತ್ತದೆ. ನಾಲ್ಕು ಚದರ ಮೀಟರ್ ಜಾಗಕ್ಕೆ 50 ಮಿಲಿಮೀಟರ್ ಮಳೆ ಬಿದ್ದರೆ 200 ಲೀಟರ್, ಅಂದರೆ 200 ಕೆಜಿ. ಬಿರಡೆ ಮರೆತರೆ ರೋಪಿನ ಮೇಲೆ ಇನ್ನೊಬ್ಬ ಪೈಲ್ವಾನನನ್ನು ಕೂರಿಸಿದಂತೆ, ಅಲ್ಲ, ಮೂವರನ್ನು!

ಮಳೆಗಾಲದಲ್ಲಿ ಕೃಷ್ಣೆ ಕೆಂಪಗೆ ಬರುತ್ತಾಳೆ, ನೀರೊಳಗಿನ ಬಂಕ್ ಕಾಣುವುದೇ ಇಲ್ಲ. ಅದಕ್ಕೆ ಹಿಂದಿನ ಎರಡೂ ಮೂಲೆಗೆ ಬಿಳಿ ಪಿವಿಸಿ ಪೈಪ್ ನಿಲ್ಲಿಸಿದೆ, ನಡುವೆ ದೋಣಿ ನುಗ್ಗಿಸಿದರೆ ಆಯಿತು. ಹೊಸ ಕಟ್ಟಿಗೆ ನೀರು ಕುಡಿದು ಒಣಗಿದರೆ ಬೋಲ್ಟುಗಳು ಸಡಿಲವಾಗುತ್ತವೆ. ಮೊದಲ ಮಳೆ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಬಿಗಿಯಬೇಕು. ಕಾಕಾಗೆ 19 ನಂಬರ್ ಸ್ಪ್ಯಾನರ್ ಕೊಟ್ಟು ಬಂದಿದ್ದೇನೆ.