ನಿಮ್ಮ ಪ್ರಸಂಗ ನಿಮ್ಮಂಥವರಿಗೆ ಮಾತ್ರ ಮುಟ್ಟುತ್ತಿದೆಯಾ?

ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದ ಕೂಲಿಯವರ ಲೈನ್ ಮನೆಗಳ ಹತ್ತಿರ, ಕುಯ್ಲಿನ ಸಮಯದಲ್ಲಿ, ನಾನೊಮ್ಮೆ ದ್ರಾಕ್ಷಿ ತೋಟದ ಕೂಲಿಯವರ ಸಾಮ್ಯದ ಮೇಲೆ ಪ್ರಸಂಗ, ಅಂದರೆ ಚರ್ಚಿನ ಉಪದೇಶ, ಮಾಡಿದೆ. ಬೈಬಲಿನ ಮತ್ತಾಯ 20ರಲ್ಲಿ ಯೇಸು ಹೇಳಿದ ಕಥೆ: ಬೆಳಿಗ್ಗೆ ಬಂದವರಿಗೂ ಸಂಜೆ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಕೃಪೆ, ದೇವರ ರಾಜ್ಯ, ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ ಎಲ್ಲ ಬಂತು, ನನಗೇ ಖುಷಿ. ಮುಗಿದ ಮೇಲೆ ಒಬ್ಬ ಅಜ್ಜಿ ಕೇಳಿದರು: "ಅಯ್ಯಾ, ಸಂಜೆ ಐದಕ್ಕೆ ಬಂದವರಿಗೂ ಪೂರ್ತಿ ಕೂಲಿ ಕೊಟ್ಟರೆ ಮಾರನೇ ದಿನ ಬೆಳಿಗ್ಗೆ ಯಾರು ಬರ್ತಾರೆ?" ನನಗೆ ಉತ್ತರ ಗೊತ್ತಿರಲಿಲ್ಲ. ಅದು ಬಿಡಿ, ಆ ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ.

ಯಾಕೆ ಹೊಳೆಯಲಿಲ್ಲ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇದು. 1921ರಲ್ಲಿ ಸ್ವಿಸ್ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಮನುಷ್ಯರ ಸ್ವಭಾವಗಳ ಬಗ್ಗೆ ಬರೆದರು. ಕೆಲವರು ಕಣ್ಣಿಗೆ ಕಾಣುವ ವಿವರ ಹಿಡಿಯುತ್ತಾರೆ, ಕೆಲವರು ಅದರ ಹಿಂದಿನ ಅರ್ಥಕ್ಕೆ ಹಾರುತ್ತಾರೆ. ತೀರ್ಮಾನ ಮಾಡುವಾಗ ಕೆಲವರು ಮನಸ್ಸು ನೋಡುತ್ತಾರೆ, ಕೆಲವರು ತರ್ಕ. ಇಂಗ್ಲೆಂಡಿನ ಪಾದ್ರಿಯೂ ಮನಶ್ಶಾಸ್ತ್ರಜ್ಞರೂ ಆದ ಲೆಸ್ಲಿ ಫ್ರಾನ್ಸಿಸ್ ಈ ನಾಲ್ಕನ್ನೂ ಪ್ರಸಂಗಕ್ಕೆ ತಂದು, ಒಂದೇ ವಾಕ್ಯಭಾಗವನ್ನು ನಾಲ್ಕು ಸಲ ಓದಿ ಅಂದರು. ನಾಲ್ಕು ಇಂಗ್ಲಿಷ್ ಹೆಸರುಗಳ (ಸೆನ್ಸಿಂಗ್, ಇಂಟ್ಯೂಷನ್, ಫೀಲಿಂಗ್, ಥಿಂಕಿಂಗ್) ಮೊದಲ ಅಕ್ಷರ ಸೇರಿಸಿದರೆ 'ಸಿಫ್ಟ್', ಅಂದರೆ ಜರಡಿ ಹಿಡಿಯುವುದು. ಅವರೂ ಅವರ ಜೊತೆಯವರೂ ಮಾಡಿದ ಅಧ್ಯಯನಗಳಲ್ಲಿ ಅಲ್ಲಿನ ಪಾದ್ರಿಗಳಲ್ಲಿ ಅರ್ಥಕ್ಕೆ ಹಾರುವವರು ಜಾಸ್ತಿ, ಬೆಂಚಿನಲ್ಲಿ ಕೂತವರಲ್ಲಿ ವಿವರದವರು ಜಾಸ್ತಿ. ನಾನೂ ಹಾರುವವನೇ. ಅಜ್ಜಿ ನೆಲದ ಮೇಲೆ ನಿಂತಿದ್ದರು.

ಮೊದಲು ನಿಮ್ಮ ರೂಢಿ ಯಾವುದು ನೋಡಿಕೊಳ್ಳಿ. ಆನ್‌ಲೈನ್ ಟೆಸ್ಟ್ ಬೇಡ. ಹಳೆಯ ಐದು ಪ್ರಸಂಗಗಳ ನೋಟ್ಸ್ ತೆಗೆದು, ನಾಲ್ಕು ಬಣ್ಣದ ಪೆನ್ಸಿಲ್ ಹಿಡಿದು, ವಿವರದ ಸಾಲಿಗೆ ಒಂದು ಬಣ್ಣ, ಅರ್ಥಕ್ಕೆ ಒಂದು, ಮನಸ್ಸಿಗೆ ಒಂದು, ತರ್ಕಕ್ಕೆ ಒಂದು ಅಂತ ಗೆರೆ ಎಳೆಯುತ್ತಾ ಹೋಗಿ. ನನ್ನ ಹಾಳೆಗಳು ಹೆಚ್ಚುಕಮ್ಮಿ ಒಂದೇ ಬಣ್ಣವಾದವು, ನಾಚಿಕೆಯಾಯಿತು. ಯಾವ ಬಣ್ಣ ಕಡಿಮೆಯೋ ಮುಂದಿನ ವಾರದ ತಯಾರಿ ಅಲ್ಲಿಂದಲೇ ಶುರು ಮಾಡಿ. ಇಷ್ಟವಾದದ್ದನ್ನು ಮೊದಲು ಬರೆದರೆ ಶನಿವಾರ ರಾತ್ರಿ ಉಳಿದ ಮೂರಕ್ಕೂ ಟೈಮ್ ಸಿಗಲ್ಲ.

ನನ್ನ ಬಡ ಬಣ್ಣ ವಿವರ. ಹಾಗಾಗಿ ಮತ್ತಾಯ 20ನ್ನು ಮತ್ತೆ ಓದುವಾಗ ಬರೀ ಏನಾಯಿತು ಅಂತ ಬರೆದುಕೊಂಡೆ. ಯಜಮಾನ ಐದು ಸಲ ಸಂತೆಬೀದಿಗೆ ಹೋಗುತ್ತಾನೆ: ಬೆಳಗಾಗುತ್ತಲೇ, ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಐದಕ್ಕೆ. ಕೂಲಿ ಒಂದು ಬೆಳ್ಳಿ ನಾಣ್ಯ. ಸಂಜೆಯೇ ಬಟವಾಡೆ, ಯಾಕೆಂದರೆ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು ಅಂತ ಯಾಜಕಕಾಂಡ 19:13 ಹೇಳುತ್ತದೆ. ಹಣ ಕೊಡುವವನು ಮೇಸ್ತ್ರಿ, ಅದೂ ಕಡೆಯವರಿಂದ ಶುರು. ದಿನವೆಲ್ಲ ಹಣ್ಣು ಕೊಯ್ದು, ಸಂಜೆ ತೂಕದ ಹತ್ತಿರ ಚೀಲ ಇಟ್ಟುಕೊಂಡು ಸಾಲು ನಿಂತವರಿಗೆ ಇದಕ್ಕಿಂತ ಬೇರೆ ಪೀಠಿಕೆ ಬೇಕಾ?

ಮನಸ್ಸಿನ ಓದಿಗೆ ಒಬ್ಬೊಬ್ಬರ ಜಾಗದಲ್ಲಿ ನಿಲ್ಲಬೇಕು. "ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ" ಅನ್ನುವ ಮಾತಿನಲ್ಲಿ ಎಷ್ಟು ಅವಮಾನ ಇದೆ. ವಯಸ್ಸಾದವರೋ, ಕೈಲಾಗದವರೋ, ಗೊತ್ತಿಲ್ಲ. ಆದರೆ ಬಿಸಿಲಲ್ಲಿ ಬೆಂದವರ ಸಿಟ್ಟನ್ನೂ ಬಿಡಬೇಡಿ. ಗೊಣಗಿದವನನ್ನು ಯಜಮಾನ ಬೈಯುವುದಿಲ್ಲ, 'ಸ್ನೇಹಿತನೇ' ಅನ್ನುತ್ತಾನೆ.

ತರ್ಕದ ಓದೇ ಅಜ್ಜಿಯ ಓದು. ಇದು ನ್ಯಾಯವಾ? ಇಷ್ಟು ಕೂಲಿ ಅಂತ ಮಾತಾಡಿಕೊಂಡಿದ್ದು ಬೆಳಿಗ್ಗೆ ಬಂದವರ ಜೊತೆ ಮಾತ್ರ, ಅದು ಅವರಿಗೆ ಪೂರ್ತಿ ಸಿಕ್ಕಿತು. ಹಿಂದಿನ ಅಧ್ಯಾಯದಲ್ಲಿ ಪೇತ್ರ ಕೇಳಿದ್ದೂ ಇದೇ ಲೆಕ್ಕ, ಎಲ್ಲ ಬಿಟ್ಟು ಬಂದೆವಲ್ಲ, ನಮಗೇನು ಸಿಗುತ್ತೆ ಅಂತ. ಮಾರನೇ ದಿನ ಯಾರು ಬರ್ತಾರೆ ಅನ್ನುವುದಕ್ಕೆ ಸಾಮ್ಯದಲ್ಲಿ ಉತ್ತರ ಇಲ್ಲ. ಇಲ್ಲ ಅಂತಲೇ ಹೇಳಿ. ತರ್ಕದವರಿಗೆ ತೇಪೆ ಹಾಕಿದ ಉತ್ತರ ಕಂಡರಾಗದು.

ಅರ್ಥದ ಓದು ನನಗೆ ಸಲೀಸು, ಅದಕ್ಕೇ ಕಡೆಗೆ, ಅದೂ ಒಂದೇ ಉದಾಹರಣೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು. ಟಿಪ್ಪುವಿನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಜಾಗ ಕೊಟ್ಟ. ತಡವಾಗಿ ಬಂದವರಿಗೂ ಪಾಲು ಅಂದರೆ ಏನು ಅಂತ ಕೊಡಗಿನಲ್ಲಿ ಇನ್ನೇನು ವಿವರಿಸುವುದು!

ಯೂಂಗ್ ಹೇಳಿದ ಅಂತರ್ಮುಖಿ, ಬಹಿರ್ಮುಖಿ ವಿಚಾರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಅದು ಹೇಳುವ ರೀತಿಗೆ ಸಂಬಂಧಿಸಿದ್ದು. ಇನ್ನೊಂದು, ಯಾರ ಹಣೆಗೂ ಚೀಟಿ ಅಂಟಿಸಬೇಡಿ. ಇಂಥ ಟೆಸ್ಟ್‌ಗಳನ್ನು ಮತ್ತೆ ಮಾಡಿದರೆ ಫಲಿತಾಂಶ ಬದಲಾಗುವುದುಂಟು, ಅನೇಕ ಮನಶ್ಶಾಸ್ತ್ರಜ್ಞರು ಈ ಡಬ್ಬಿಗಳನ್ನೇ ಒಪ್ಪುವುದಿಲ್ಲ. "ಅವರು ತರ್ಕದವರು, ಅವರಿಗೆ ಕಣ್ಣೀರು ಬರಲ್ಲ" ಅನ್ನುವುದು ಸುಮ್ನೆ ಸೋಮಾರಿತನ.

ಮನೆ ಪ್ರಾರ್ಥನೆಯಲ್ಲಿ ನಾಲ್ಕು ಜನರಿಗೆ ವಾಕ್ಯಭಾಗ ಮೊದಲೇ ಕೊಟ್ಟು, "ನಿಮಗೆ ಮೊದಲು ಏನು ಕಂಡಿತು?" ಅಂತ ಕೇಳಿ ಬರೆದುಕೊಳ್ಳಿ, ಅರ್ಧ ಪ್ರಸಂಗ ಅಲ್ಲೇ ಸಿಗುತ್ತದೆ. ಜೂನ್, ಜುಲೈನಲ್ಲಿ ಮಾತ್ರ ನಾಲ್ಕನ್ನೂ ಹೇಳಲು ಹೋಗಬೇಡಿ. ಶೀಟಿನ ಮೇಲೆ ಮಳೆ ಹೊಡೆಯುವಾಗ ಎರಡು ಕೇಳಿಸಿದರೆ ಪುಣ್ಯ.