ಬೆಂಗಳೂರಿನಿಂದ ಪುಣೆಗೆ ಒಂದೇ ಹಗಲಲ್ಲಿ: ನಾಲ್ಕನೇ ಸಲಕ್ಕೆ ಲೆಕ್ಕ ಸರಿಹೋಯ್ತು

"ಕೊಲ್ಹಾಪುರದಲ್ಲಿ ಒಂದು ರೂಮ್ ಮಾಡ್ಕೊಂಡು ಮಲಕ್ಕೊಳೋ, ಹಟ ಯಾಕೆ?" ಅಂತ ಭಾವ ಮೂರು ಸಲ ಹೇಳಿದ್ದರು. ಮೂರು ಸಲವೂ ಅವರು ಹೇಳಿದ್ದೇ ಸರಿಯಾಗಿತ್ತು, ಅದು ಬೇರೆ ಮಾತು. ನಾಲ್ಕನೇ ಸಲ ಬೆಳಗಿನ ಜಾವ 3.40ಕ್ಕೆ ರಾಜಾಜಿನಗರ ಬಿಟ್ಟವನು ಸಂಜೆ 4.45ಕ್ಕೆ ಮಗಳ ಹಾಸ್ಟೆಲ್ ಮುಂದೆ ಗಾಡಿ ನಿಲ್ಲಿಸಿದೆ. 845 ಕಿಲೋಮೀಟರ್, 13 ಗಂಟೆ 5 ನಿಮಿಷ. ಡ್ರೈವರ್ ನಾನೊಬ್ಬನೇ. ಗಾಡಿ ಆರು ವರ್ಷದ ಸಣ್ಣ ಪೆಟ್ರೋಲ್ ಕಾರು, 37 ಲೀಟರ್ ಟ್ಯಾಂಕ್. ಇಳಿದಾಗ ಸೊಂಟ ನೋವಿರಲಿಲ್ಲ, ಕಣ್ಣು ಉರಿಯುತ್ತಿರಲಿಲ್ಲ. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ.

ಮೊದಲ ಸಲ ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಬೆಳಿಗ್ಗೆ ಸ್ನಾನ, ಪೂಜೆ, ತಿಂಡಿ ಎಲ್ಲ ಮುಗಿಸಿ 6.45ಕ್ಕೆ ಹೊರಟೆವು. ನೆಲಮಂಗಲ ದಾಟುವಾಗಲೇ ಎಂಟು ಹೊಡೆದಿತ್ತು. ಕಳೆದ ಸಮಯ ಹಿಡಿಯೋಣ ಅಂತ 110, 115ರಲ್ಲಿ ಓಡಿಸಿದೆ. ದಾವಣಗೆರೆಗೆ ಬಂದು ಬೆಣ್ಣೆ ದೋಸೆ ತಿನ್ನದೆ ಹೋಗೋದು ಹೇಗೆ? ತಿಂದೆವು, ಎರಡೆರಡು. ಹಾವೇರಿ ಹತ್ತಿರ ರೆಪ್ಪೆ ಎಳೆಯೋಕೆ ಶುರುವಾಯ್ತು. ಅಲ್ಲಿಂದ ಮುಂದೆ ಪ್ರತಿ ಅರ್ಧ ಗಂಟೆಗೊಂದು ಟೀ, ಟೀ ಕುಡಿದಿದ್ದಕ್ಕೆ ಇನ್ನೊಂದು ನಿಲುಗಡೆ. ಧಾರವಾಡದಲ್ಲಿ ಪೇಡ ತಗೊಳ್ಳೋಕೆ ಊರೊಳಗೆ ಹೋಗಿ 40 ನಿಮಿಷ ಕಳೆದೆವು. ಪುಣೆ ಮುಟ್ಟಿದಾಗ ರಾತ್ರಿ 12.15. ಹಾಸ್ಟೆಲ್ ಗೇಟ್ ಮುಚ್ಚಿತ್ತು. ಲಾಡ್ಜಿಗೆ 1,800 ರೂಪಾಯಿ ಕೊಟ್ಟು ಮಲಗಿದೆವು.

ಆದರೆ ಆ ಸಲ ಒಂದು ಒಳ್ಳೆ ಕೆಲಸ ಆಗಿತ್ತು. ನನ್ನ ಹೆಂಡತಿಗೆ ಲೆಕ್ಕ ಬರೆಯುವ ಚಟ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಎಲ್ಲೆಲ್ಲಿ ನಿಂತೆವು, ಎಷ್ಟಕ್ಕೆ ಹೊರಟೆವು ಅಂತ ಸುಮ್ನೆ ಬರೆದುಕೊಂಡಿದ್ದಳು. ವಾಪಸ್ ಬಂದ ಮೇಲೆ ಕೂಡಿಸಿ ನೋಡಿದರೆ ಹದಿನೇಳೂವರೆ ಗಂಟೆಯಲ್ಲಿ ನಾಲ್ಕೂಕಾಲು ಗಂಟೆ ಗಾಡಿ ನಿಂತೇ ಇತ್ತು! ಒಟ್ಟು 13 ಸಲ. ಎರಡೂ ಊರಿನ ಜಾಮಿನಲ್ಲಿ ಹೋದದ್ದು ಇನ್ನೂ ಎರಡು ಗಂಟೆ ಹತ್ತಿರ. ನಾನು 115ರಲ್ಲಿ ಓಡಿಸಿ ಉಳಿಸಿದ್ದು? ಅಬ್ಬಬ್ಬಾ ಅಂದ್ರೆ 40 ನಿಮಿಷ. ಧಾರವಾಡದ ಪೇಡ ಅದನ್ನೂ ನುಂಗಿತ್ತು. ಮೇಲೆ ಚಿತ್ರದುರ್ಗದ ಕಡೆಯ ಕ್ಯಾಮೆರಾ ಕಳಿಸಿದ ಸಾವಿರ ರೂಪಾಯಿ ಚಲನ್. ನಾಲ್ಕು ಲೇನಿನ ರಸ್ತೆಯಲ್ಲಿ ಕಾರಿಗೆ 100 ಮಿತಿ, ಗೊತ್ತಿದ್ದೂ ಮಾಡಿದ್ದು.

ಓಡಿಸೋದನ್ನಲ್ಲ, ನಿಲ್ಲೋದನ್ನು ಪ್ಲಾನ್ ಮಾಡಬೇಕು ಅಂತ ಆವತ್ತೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ರಾತ್ರಿ ಹೊರಟರೆ ಜಾಮೇ ಇರಲ್ಲ ಅಲ್ವಾ ಅಂತ ಎರಡನೇ ಸಲ ರಾತ್ರಿ 11.30ಕ್ಕೆ ಹೊರಟೆ. ದಿನವಿಡೀ ಆಫೀಸ್ ಕೆಲಸ ಮಾಡಿ, ಊಟ ಮಾಡಿ, ಸೀದಾ ಸ್ಟೇರಿಂಗ್ ಮುಂದೆ. ಶಿರಾವರೆಗೆ ಹೂವಿನ ಹಾಗೆ ಹೋಯ್ತು. ಹಿರಿಯೂರು ದಾಟಿದ ಮೇಲೆ, ಎರಡೂವರೆ ಇರಬೇಕು, ಎಡಗಡೆ ಚಕ್ರ ಬಿಳಿ ಪಟ್ಟಿಯ ಉಬ್ಬುಗಳ ಮೇಲೆ ಹತ್ತಿ ಗರ್ರ್ ಅಂದಿತು. ಕಣ್ಣು ತೆರೆದೆ. ತೆರೆದೆ ಅಂದರೆ, ಅಲ್ಲಿಯವರೆಗೆ ಮುಚ್ಚಿತ್ತು ಅಂತ ಆಗಲೇ ಗೊತ್ತಾಗಿದ್ದು. ಮುಂದೆ ರಸ್ತೆ ಅಂಚಿನಲ್ಲಿ ಲಾರಿಯೊಂದು ನಿಂತಿತ್ತು. ಹಿಂದೀಪ ಇಲ್ಲ. ಡ್ರೈವರ್ ಇಟ್ಟಿದ್ದ ನಾಲ್ಕು ಕಲ್ಲು, ಒಂದು ಹಸಿರು ಟೊಂಗೆ ಮಾತ್ರ ನನ್ನ ಲೈಟಿಗೆ ಕಂಡವು. ಬಲಕ್ಕೆ ಎಳೆದು ತಪ್ಪಿಸಿದೆ. ಹೆಂಡತಿ ಪಕ್ಕದಲ್ಲಿ ನಿದ್ದೆಯಲ್ಲಿದ್ದಳು, ಅವಳಿಗೆ ಇದನ್ನು ಹೇಳಿದ್ದು ಆರು ತಿಂಗಳ ಮೇಲೆ. ಮುಂದೆ ಸಿಕ್ಕ ಮೊದಲ ಬಂಕಿನಲ್ಲಿ ಗಾಡಿ ಹಾಕಿ ಮೂರು ಗಂಟೆ ಮಲಗಿದೆ. ಪುಣೆ ಮುಟ್ಟಲು 16 ಗಂಟೆ ಆಯ್ತು. ರಾತ್ರಿ ಹೊರಡುವ ಯೋಚನೆ ಅಲ್ಲಿಗೆ ಬಿಟ್ಟೆ.

ಮೂರನೇ ಸಲ ದಾರಿಯನ್ನೇ ಬದಲಿಸಿದೆ. ಕೊಲ್ಹಾಪುರದಿಂದ ಸಾತಾರಾವರೆಗೆ ಆರು ಲೇನ್ ಕೆಲಸ ನಡೆಯುತ್ತಾ ಡೈವರ್ಶನ್ ಮೇಲೆ ಡೈವರ್ಶನ್. ಅದನ್ನು ತಪ್ಪಿಸೋಣ ಅಂತ ಚಿತ್ರದುರ್ಗದಲ್ಲಿ ಬಲಕ್ಕೆ ತಿರುಗಿ ಹೊಸಪೇಟೆ, ಕುಷ್ಟಗಿ, ಇಳಕಲ್ಲು, ವಿಜಯಪುರ, ಸೊಲ್ಲಾಪುರ ಮೇಲೆ ಹೋದೆ. ನಲವತ್ತೈವತ್ತು ಕಿಲೋಮೀಟರ್ ಜಾಸ್ತಿ. ಆದರೆ ಎಂಥ ರಸ್ತೆ ಅಂತೀರಿ! ಹೊಸಪೇಟೆ ಹತ್ತಿರ ತುಂಗಭದ್ರಾ ಡ್ಯಾಮಿನ ನೀರು, ಆಲಮಟ್ಟಿ ಹತ್ತಿರ ಕೃಷ್ಣೆ ಸಮುದ್ರದ ಹಾಗೆ ಹರಡಿಕೊಂಡಿದ್ದಾಳೆ. ವಿಜಯಪುರದವರೆಗೆ ಕಾಲು ಬ್ರೇಕಿಗೆ ಹೋಗಿದ್ದು ಕಮ್ಮಿ. ಗೆದ್ದೆ ಅಂದುಕೊಂಡೆ. ಸಂಜೆ ಹಡಪ್ಸರದಲ್ಲಿ ಪುಣೆಯೊಳಗೆ ನುಗ್ಗಿದಾಗ ಆಫೀಸ್ ಬಿಡುವ ಹೊತ್ತು. ಕೊನೆಯ 15 ಕಿಲೋಮೀಟರಿಗೆ ಒಂದೂಮುಕ್ಕಾಲು ಗಂಟೆ. ಮಗಳು ಆ ಕಡೆ ಇದ್ದಿದ್ದರೆ ಇವತ್ತಿಗೂ ಅದೇ ದಾರಿ ಹಿಡಿಯುತ್ತಿದ್ದೆ. ನಿಮ್ಮ ಮನೆ ಪುಣೆಯ ಪೂರ್ವಕ್ಕಿದ್ದರೆ ಒಂದು ಸಲ ನೋಡಿ. ಮಳೆಗಾಲದಲ್ಲೂ ಈ ದಾರಿ ತಲೆಯಲ್ಲಿರಲಿ. ಪಂಚಗಂಗಾ ಉಕ್ಕಿ 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೊಲ್ಹಾಪುರದ ಹತ್ತಿರ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತಲ್ಲ.

ನಾಲ್ಕನೇ ಸಲಕ್ಕೆ ಲೆಕ್ಕವನ್ನು ತಿರುವಿ ಹಾಕಿದೆ, ಪುಣೆಯಿಂದ ಹಿಂದಕ್ಕೆ. ಪುಣೆಯ ಬಾಗಿಲಲ್ಲಿರುವ ನವಲೆ ಸೇತುವೆ ಸಂಜೆ 5ರೊಳಗೆ ದಾಟಬೇಕು. ನೆಲಮಂಗಲ ಬೆಳಿಗ್ಗೆ 4.30ರೊಳಗೆ ದಾಟಬೇಕು. ಇವೆರಡು ಗೂಟ. ಇವುಗಳ ಮಧ್ಯೆ ಹನ್ನೆರಡೂವರೆ ಗಂಟೆ ಇದೆ, 90ರಲ್ಲಿ ಆರಾಮಾಗಿ ಹೋಗಬಹುದು. ನಿಲ್ಲೋದಕ್ಕೆ ಸಿಗೋದು ಹೆಚ್ಚೆಂದರೆ 100 ನಿಮಿಷ. ಆ 100 ನಿಮಿಷವನ್ನು ದುಡ್ಡು ಎಣಿಸಿದ ಹಾಗೆ ಐದು ಕಡೆ ಹಂಚಿದೆ.

ಚಿತ್ರದುರ್ಗ ದಾಟಿ ಗಾಳಿಗಿರಣಿಗಳ ಹಿಂದೆ ಬೆಳಕು ಹರಿಯುವಾಗ 15 ನಿಮಿಷ, ಫ್ಲಾಸ್ಕಿನ ಕಾಫಿ. ಹಾವೇರಿ ಆಚೆ 25 ನಿಮಿಷ, ಡಬ್ಬಿಯ ತಿಂಡಿ. ಧಾರವಾಡ ಮತ್ತು ಬೆಳಗಾವಿ ಮಧ್ಯೆ 30 ನಿಮಿಷ, ಅದರಲ್ಲಿ 20 ನಿಮಿಷ ಸೀಟು ಹಿಂದೆ ಮಾಡಿ ನಿದ್ದೆ. ನಿಪ್ಪಾಣಿ ಹತ್ತಿರ 20 ನಿಮಿಷ, ಪೆಟ್ರೋಲ್ ಮತ್ತು ಊಟ. ಸಾತಾರಾದಲ್ಲಿ 10. ಒಂದೇ ನಿಯಮ: ಗಾಡಿ ನಿಂತರೆ ಎಲ್ಲರೂ ಇಳಿಯಬೇಕು, ಎಲ್ಲ ಕೆಲಸವೂ ಅಲ್ಲೇ ಮುಗಿಯಬೇಕು. "ನನಗೀಗ ಬೇಡ, ಆಮೇಲೆ ಹೋಗ್ತೀನಿ" ಅನ್ನೋ ಮಾತು ನಡೆಯಲ್ಲ. ಹೆಂಡತಿ ಮೊದಲು ಗೊಣಗಿದಳು, ಆಮೇಲೆ ಮೊಬೈಲಿನಲ್ಲಿ ಟೈಮರ್ ಇಟ್ಟು ನನ್ನನ್ನೇ ಎಬ್ಬಿಸೋಕೆ ಶುರು ಮಾಡಿದಳು.

ಆ 20 ನಿಮಿಷದ ನಿದ್ದೆಯೇ ಇಡೀ ಪ್ರಯಾಣದ ಜೀವ. ನಿದ್ದೆ ಬಂದಾಗ ಮಲಗೋದಲ್ಲ, ಬರುವ ಮೊದಲೇ ಮಲಗೋದು. ಮಲಗುವ ಮುಂಚೆ ಒಂದು ಲೋಟ ಕಾಫಿ ಕುಡಿಯಬೇಕು, ತಮಾಷೆಯಲ್ಲ. ಅದು ತಲೆಗೆ ಏರುವ ಹೊತ್ತಿಗೆ ಸರಿಯಾಗಿ ಎಚ್ಚರ ಆಗುತ್ತೆ. ನೆರಳಿರುವ, ಲಾರಿ ನಿಲ್ಲದ, ಸದ್ದಿಲ್ಲದ ಜಾಗ ಒಂದು ಸಿಕ್ಕಿದೆ. ಎಲ್ಲಿ ಅಂತ ಹೇಳಲ್ಲ. ಹೇಳಿದರೆ ಮುಂದಿನ ಸಲ ನನಗೇ ನೆರಳು ಸಿಗಲ್ಲ. ಕಿತ್ತೂರಿನ ಆಸುಪಾಸು ಅಂತ ಇಟ್ಕೊಳ್ಳಿ.

ಬೇಗ ಏಳೋದಕ್ಕೂ ಒಂದು ಸಣ್ಣ ತಯಾರಿ ಬೇಕಾಯ್ತು. ಹಿಂದಿನ ರಾತ್ರಿ ಎಂಟೂವರೆಗೆ ಮಲಗಿ ಅಂತ ಎಲ್ಲರೂ ಹೇಳ್ತಾರೆ, ನಿದ್ದೆ ಬರಬೇಕಲ್ಲ? ನಾನು ಎರಡು ದಿನ ಮುಂಚೆಯಿಂದಲೇ ನಾಲ್ಕು ಗಂಟೆಗೆ ಅಲಾರಂ ಇಟ್ಟು ಎದ್ದೆ. ಮೂರನೇ ರಾತ್ರಿ ಒಂಬತ್ತಕ್ಕೆ ದೇಹವೇ ಹಾಸಿಗೆ ಕೇಳಿತು.

ಊಟದಲ್ಲಿ ಎರಡು ಪ್ರಯೋಗ ಕೆಟ್ಟವು. ಮೊಸರನ್ನ ತಗೊಂಡು ಹೋಗಿದ್ದು, ನೇರವಾಗಿ ಜೊಂಪು. ಖಾಲಿ ಹೊಟ್ಟೆಯಲ್ಲಿ ಹಣ್ಣು ಮಾತ್ರ ತಿಂದಿದ್ದು, ತಲೆನೋವು. ಈಗ ಚಪಾತಿಗೆ ಶೇಂಗಾ ಚಟ್ನಿಪುಡಿ ಹಚ್ಚಿ ಸುರುಳಿ ಸುತ್ತಿ ಡಬ್ಬಿಗೆ ಹಾಕ್ತೇವೆ. ಒಂದು ಸಲಕ್ಕೆ ಎರಡು, ಅಷ್ಟೇ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮಾತ್ರ ಬೇಸರ. ನಾವು ದಾಟುವ ಹೊತ್ತಿಗೆ ಅಂಗಡಿಯ ಬಾಗಿಲು ತೆಗೆದಿರಲ್ಲ.

ಈಗ ದುಡ್ಡಿಗೆ ಬರ್ತೇನೆ. 110 ದಾಟಿ ಓಡಿಸಿದ ಮೊದಲ ಸಲ ಲೀಟರಿಗೆ ಹದಿನಾಲ್ಕೂವರೆ ಸಿಕ್ಕಿತ್ತು. 85, 90ರಲ್ಲಿ 19 ಹತ್ತಿರ. ಅಂದರೆ 58 ಲೀಟರ್ ಕುಡಿಯುವ ಕಡೆ 45ಕ್ಕೆ ಮುಗೀತು, ಹತ್ತಿರ ಹತ್ತಿರ 1,300 ರೂಪಾಯಿ ಉಳಿತಾಯ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದು. ಟ್ಯಾಂಕ್ ತುಂಬಿಸಿ ಹೊರಟರೆ ನಿಪ್ಪಾಣಿವರೆಗೆ ಬಂಕಿನ ಮುಖ ನೋಡಬೇಕಿಲ್ಲ. ಗಡಿ ದಾಟಿದರೆ ಲೀಟರಿಗೆ ಒಂದೆರಡು ರೂಪಾಯಿ ಜಾಸ್ತಿ, ಹಾಗಾಗಿ ಈ ಕಡೆಯೇ ಫುಲ್ ಮಾಡಿಸೋದು.

ಟೋಲ್ ಮೊದಲು ಒಂದು ಕಡೆಗೆ ಸಾವಿರದ ಇನ್ನೂರರ ಆಸುಪಾಸು ಹೋಗ್ತಿತ್ತು. 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತಲ್ಲ, ಆಗ 3,000 ರೂಪಾಯಿಗೆ 200 ಸಲ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಒಂದು ಟೋಲಿಗೆ 15 ರೂಪಾಯಿ ಬಿತ್ತು. ವರ್ಷಕ್ಕೆ ಎರಡು ಸಲ ಹೋಗಿ ಬರುವವರಿಗೆ ಅಲ್ಲೇ ಅಸಲು ಬಂದು ಇನ್ನೂ ಮಿಗುತ್ತೆ. ಆದರೆ ಪಾಸ್ ಇದೆ ಅಂತ ಟ್ಯಾಗನ್ನು ಖಾಲಿ ಬಿಡಬೇಡಿ. ರಾಷ್ಟ್ರೀಯ ಹೆದ್ದಾರಿಯ ಟೋಲ್ ಬಿಟ್ಟರೆ ಬೇರೆ ಕಡೆ ಅದು ನಡೆಯಲ್ಲ, ನೈಸ್ ರಸ್ತೆ ಹಿಡಿದರೆ ಅಲ್ಲಿ ದುಡ್ಡು ಬೇರೆ. ಐನೂರು ರೂಪಾಯಿ ಇಟ್ಟಿರಿ. ನಾನೊಮ್ಮೆ ಇಡದೆ, ಹಿಂದಿನ ಗಾಡಿಯವರ ಹಾರ್ನ್ ಕೇಳುತ್ತಾ ರೀಚಾರ್ಜ್ ಮಾಡುತ್ತಾ ನಿಂತಿದ್ದೆ.

ಹೊರಡುವ ಮುನ್ನಾದಿನ 600 ರೂಪಾಯಿ ಕೊಟ್ಟು ಸ್ಟೆಪ್ನಿಗೆ ಹಳೆ ಟೈರೊಂದನ್ನು ಹಾಕಿಸಿದ್ದು ದಂಡ ಅಂತ ಭಾವ ನಕ್ಕಿದ್ದರು. ಸಂಕೇಶ್ವರ ದಾಟಿದ ಮೇಲೆ ಮೊಳೆ ಹೊಕ್ಕಿತು. ಮೂರನೇ ಸಲದ ಮಾತಾಗಿದ್ದರೆ ಸ್ಟೆಪ್ನಿಯಲ್ಲಿ ಗಾಳಿಯೇ ಇರ್ತಿರಲಿಲ್ಲ. ಈ ಸಲ 14 ನಿಮಿಷಕ್ಕೆ ಚಕ್ರ ಬದಲಾಯ್ತು, ನಿಪ್ಪಾಣಿಯಲ್ಲಿ ಊಟದ ಹೊತ್ತಲ್ಲೇ ಪಂಕ್ಚರ್ ಹಾಕಿಸಿದೆ. ನೂರು ನಿಮಿಷದ ಲೆಕ್ಕದಲ್ಲಿ ಇದು ಸೇರಿಲ್ಲ ಅಂತ ಹೆಂಡತಿ ತಕರಾರು ತೆಗೆದಳು. ಹಾಗಾಗಿ ಸಾತಾರಾದ ಹತ್ತು ನಿಮಿಷವನ್ನು ಕೈಬಿಟ್ಟೆವು.

ಕೊಲ್ಹಾಪುರ ಆದ ಮೇಲೆ ಮೊಬೈಲ್ ಮ್ಯಾಪ್ "ಈ ಕಡೆ ತಿರುಗಿ, 12 ನಿಮಿಷ ಉಳಿಯುತ್ತೆ" ಅಂತ ಆಸೆ ತೋರಿಸುತ್ತೆ. ಎರಡನೇ ಸಲ ನಂಬಿ ಕಬ್ಬಿನ ಗಾಡಿಗಳ ಹಿಂದೆ 50 ನಿಮಿಷ ಉರುಳಿದ್ದೆ. ಈಗ ನನ್ನ ಕಟ್ಟಳೆ ಇಷ್ಟೇ: ಅರ್ಧ ಗಂಟೆಗಿಂತ ಕಮ್ಮಿ ಉಳಿಸುವ ಅಡ್ಡದಾರಿಗೆ ಇಳಿಯಲ್ಲ. ಮಧ್ಯಾಹ್ನ ಬಿಸಿಲು ಪೂರ್ತಿ ಎಡಗಡೆಯಿಂದ ಬೀಳುತ್ತೆ. ಡ್ರೈವರ್‌ಗೆ ಸುಖ, ಪಕ್ಕದಲ್ಲಿ ಕೂತವರಿಗೆ ಕಷ್ಟ. ಒದ್ದೆ ಟವಲ್ಲನ್ನು ಗ್ಲಾಸಿಗೆ ಸಿಕ್ಕಿಸಿ ಅವಳು ಕರಾಡದವರೆಗೆ ಬಂದಳು. ಸಾತಾರಾ ಆಚೆ ಖಂಬಾಟ್ಕಿ ಘಾಟಿಯ ಸುರಂಗ ದಾಟಿದ ಕೂಡಲೇ ಒಂದು ತಿರುವು ಸಿಕ್ಕಿತು, ಅಲ್ಲಿ ವೇಗ ಇಳಿಸಿಕೊಂಡೇ ಇರಬೇಕು. ಕಾತ್ರಜ್ ಸುರಂಗದ ಆಚೆ ನವಲೆ ಸೇತುವೆವರೆಗೆ ಉದ್ದ ಇಳಿಜಾರು, ಅಪಘಾತಕ್ಕೆ ಹೆಸರುವಾಸಿ. ನಾನು ಮೂರನೇ ಗೇರಿಗೆ ಹಾಕಿ, ಎಡಕ್ಕೆ ಸರಿದು, ಹಿಂದಿನ ಲಾರಿಗಳ ಮೇಲೆ ಕನ್ನಡಿಯಲ್ಲಿ ಕಣ್ಣಿಟ್ಟೇ ಇಳಿದೆ. ಸೇತುವೆ ದಾಟಿದಾಗ 4.20.

ಮಗಳಿಗೆ ಫೋನ್ ಮಾಡಿದೆ. "ಅಪ್ಪಾ, ಎಲ್ಲಿದ್ದೀರಾ, ಬೆಳಗಾವಿನಾ?" ಅಂದಳು. ಕೆಳಗೆ ಬಾ ಅಂದೆ. ಲ್ಯಾಬ್ ಮುಗಿಯೋದು ಐದೂವರೆಗಂತೆ, ಮುಕ್ಕಾಲು ಗಂಟೆ ಗೇಟಿನ ಮುಂದೆ ಕಾಯ್ದೆವು. ಭಾವನಿಗೆ ಅಲ್ಲಿಂದಲೇ ಫೋಟೋ ಕಳಿಸಿದೆ. "ಯಾವಾಗ ಹೊರಟಿದ್ದು, ನಿನ್ನೆನಾ?" ಅಂತ ಉತ್ತರ ಬಂತು.

ವಾಪಸ್ ದಾರಿ ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ. ಆ ಕಡೆಯಿಂದ ಬರುವಾಗ ಖಂಬಾಟ್ಕಿಯಲ್ಲಿ ಸುರಂಗ ಇರಲಿಲ್ಲ, ಲಾರಿಗಳ ಹಿಂದೆ ಘಾಟಿ ಹತ್ತಬೇಕಾಯ್ತು. ಕತ್ತಲಲ್ಲೇ ಹತ್ತಿ ಮುಗಿಸಲು ಪುಣೆ ಮೂರಕ್ಕೆ ಬಿಟ್ಟರೆ, ಭಾನುವಾರ ಸಂಜೆ ದಾಬಸ್‌ಪೇಟೆಯಿಂದ ಈಚೆ ಇಡೀ ಬೆಂಗಳೂರೇ ಊರಿಂದ ವಾಪಸ್ ಬರ್ತಿರುತ್ತೆ. ಹದಿನಾಲ್ಕೂವರೆ ಗಂಟೆ ಆಯ್ತು. ಮುಂದಿನ ಸಲ ಮಂಗಳವಾರ ಹೊರಟು ನೋಡಬೇಕು, ರಜೆ ಸಿಕ್ಕರೆ.